ಏಪ್ರಿಲ್ ತಿಂಗಳಲ್ಲಿ ಮೀನಿಗೆ ಹೀಟರ್ ಹಾಕಿದವರು ನಾವು

ಮೊದಲೇ ಒಪ್ಕೊಂಡುಬಿಡ್ತೀವಿ. ನಮ್ಮ ಡಿಪಾರ್ಟ್‌ಮೆಂಟ್ ಲಾಬಿಯ ಮೀನಿನ ತೊಟ್ಟಿಗೆ ಆ ದೊಡ್ಡ ಪಂಪ್ ತಂದು ಹಾಕಿದ್ದು ನಾವು ನಾಲ್ಕು ಜನ. ಹೋದ ವರ್ಷ ಏಪ್ರಿಲ್‌ನಲ್ಲಿ ಆರು ಗೋಲ್ಡ್ ಫಿಶ್‌ಗಳಲ್ಲಿ ನಾಲ್ಕು ಸತ್ತವು. ಬೈಸಿಕೊಂಡಿದ್ದು ಮಾತ್ರ ತೊಟ್ಟಿ ನೋಡ್ಕೊಳ್ಳೋ ಅಟೆಂಡರ್ ಅಣ್ಣ. ಜಾಸ್ತಿ ತಿಂಡಿ ಹಾಕ್ತೀರಿ, ಟೈಮಿಗೆ ಸರಿಯಾಗಿ ನೀರು ಬದಲಾಯಿಸಲ್ಲ ಅಂತ ಎಲ್ಲರ ಎದುರು ಅನ್ನಿಸಿಕೊಂಡರು. ಅಲ್ಲೇ ನಿಂತಿದ್ದ ನಾವು ತುಟಿ ಬಿಚ್ಚಲಿಲ್ಲ. ಆಗ ನಮಗೆ ಕಾರಣ ಗೊತ್ತಿರಲಿಲ್ಲ ಅಂತ ಹೇಳಿದರೆ ಅದು ಅರ್ಧ ಸತ್ಯ. ಗೊತ್ತಾಗೋಕೆ ಬೇಕಾದ ಪಾಠವನ್ನೆಲ್ಲ ಓದಿ, ಪರೀಕ್ಷೆ ಬರೆದು, ಮಾರ್ಕ್ಸ್ ಕೂಡ ತಗೊಂಡಿದ್ದೆವು.

ಈಗ ಯಾಕೆ ಈ ಕತೆ ಅಂದರೆ, ಈ ಬೇಸಿಗೆಗೆ ಮುಂಚೆ ಕ್ಯಾಂಪಸ್ಸಿನ ಇನ್ನೆರಡು ಬ್ಲಾಕ್‌ಗಳಲ್ಲೂ ಅಕ್ವೇರಿಯಂ ಇಡಬೇಕು ಅನ್ನೋ ಮಾತು ನಡೀತಿದೆ. ತರಿಸಬೇಕಾದ ಸಾಮಾನಿನ ಪಟ್ಟಿ ನಮ್ಮ ಕಣ್ಣಿಗೂ ಬಿತ್ತು. ಅದರಲ್ಲಿ ನಮ್ಮದಕ್ಕಿಂತ ದೊಡ್ಡ ರಿಟರ್ನ್ ಪಂಪ್ ಇದೆ. ಅದರ ಕೆಳಗಿನ ಸಾಲಿನಲ್ಲೇ ನೀರು ತಂಪು ಮಾಡೋ ಚಿಲ್ಲರ್ ಇದೆ. ಈ ಎರಡು ಸಾಲನ್ನು ಒಟ್ಟಿಗೆ ಓದಿದಾಗ ನಮಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ನಮ್ಮ ವಾದ ಇಷ್ಟೇ: ತೊಟ್ಟಿಯ ನೀರು ತಂಪಾಗಿರಬೇಕು ಅಂದರೆ ಯೋಚನೆ ಶುರುವಾಗಬೇಕಾದ್ದು ಪಂಪಿನಿಂದ. ಚಿಲ್ಲರ್ ಕೊನೆಯ ಮಾತು. ಪಂಪ್ ಆರಿಸುವಾಗ ಬಾಕ್ಸ್ ಮೇಲೆ ದಪ್ಪಗೆ ಬರೆದಿರೋ ಲೀಟರ್ ನೋಡಬೇಡಿ, ಸಣ್ಣದಾಗಿ ಬರೆದಿರೋ ವ್ಯಾಟ್ ನೋಡಿ.

ಅಕ್ವೇರಿಯಂ ಗೊತ್ತಿಲ್ಲದವರಿಗೆ ರಿಟರ್ನ್ ಪಂಪ್ ಅಂದರೇನು ಅಂತ ಹೇಳಿಬಿಡ್ತೀವಿ. ನಿಮ್ಮ ಮನೆಯ ಸಂಪ್ ನೆನಪಿಸಿಕೊಳ್ಳಿ. ಮೋಟರ್ ಹಾಕಿದರೆ ಸಂಪಿನ ನೀರು ಓವರ್‌ಹೆಡ್ ಟ್ಯಾಂಕಿಗೆ ಏರುತ್ತೆ. ಇಲ್ಲೂ ಅದೇ. ಮೇಲೆ ಮೀನಿರೋ ಟ್ಯಾಂಕ್, ಅದರ ಕೆಳಗೆ ಸ್ಟ್ಯಾಂಡಿನೊಳಗೆ ಫಿಲ್ಟರ್ ಇರೋ ಒಂದು ಚಿಕ್ಕ ತೊಟ್ಟಿ. ಅದಕ್ಕೂ ಸಂಪ್ ಅಂತಲೇ ಹೆಸರು. ಮೇಲಿನ ನೀರು ತುಂಬಿ ಪೈಪಲ್ಲಿ ಕೆಳಗಿಳಿಯುತ್ತೆ, ಫಿಲ್ಟರ್ ದಾಟುತ್ತೆ, ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತೆ. ಮನೆಯ ಮೋಟರಿಗೂ ಇದಕ್ಕೂ ಎರಡು ವ್ಯತ್ಯಾಸ. ಮನೇಲಿ ಟ್ಯಾಂಕ್ ತುಂಬಿದ ಮೇಲೆ ಅಮ್ಮ ಕೂಗ್ತಾರೆ, ನಾವು ಓಡಿಹೋಗಿ ಸ್ವಿಚ್ ಆಫ್ ಮಾಡ್ತೀವಿ. ಇದನ್ನು ಯಾರೂ ಆಫ್ ಮಾಡಲ್ಲ, 24 ಗಂಟೆಯೂ ಓಡಬೇಕು. ಎರಡನೇದು, ಅದೇ ನೀರು ಸುತ್ತಿ ಸುತ್ತಿ ಬರ್ತಾ ಇರುತ್ತೆ. ಪಂಪ್ ಏನೇ ಕೊಟ್ಟರೂ ಅದೇ 300 ಲೀಟರಿಗೆ ಕೊಡಬೇಕು.

ನಮ್ಮದು 4 ಅಡಿ ಉದ್ದದ ಟ್ಯಾಂಕ್. ಸಂಪೂ ಸೇರಿ ನೀರು ಸುಮಾರು 300 ಲೀಟರ್. ಹಳೇ ಪಂಪ್ ಕೆಟ್ಟಾಗ, ಫೆಸ್ಟ್‌ನಲ್ಲಿ ಉಳಿದ ದುಡ್ಡಲ್ಲಿ ಹೊಸದು ಕೊಡಿಸ್ತೀವಿ ಅಂತ ಹುಮ್ಮಸ್ಸಿನಿಂದ ಅಂಗಡಿಗೆ ಹೋದೆವು. ಅಲ್ಲಿ 2000 ಇತ್ತು, 3000 ಇತ್ತು, 5000 ಎಲ್‌ಪಿಎಚ್ ಇತ್ತು. ಬೆಲೆಯಲ್ಲಿ ಅಂಥಾ ವ್ಯತ್ಯಾಸ ಇರಲಿಲ್ಲ. ಫೋನ್ ತಗೊಳ್ಳುವಾಗ ಮೆಗಾಪಿಕ್ಸೆಲ್ ನೋಡೋ ಹಾಗೆ ದೊಡ್ಡ ನಂಬರ್ ನೋಡಿ 5000ದ್ದನ್ನೇ ಎತ್ತಿಕೊಂಡು ಬಂದೆವು. ಅದರ ಮೈಮೇಲೆ 100 ವ್ಯಾಟ್ ಅಂತ ಬರೆದಿತ್ತು. ನಾವು ಓದಿದೆವು, ಆದರೆ ನೋಡಲಿಲ್ಲ.

ಆನ್ ಮಾಡಿದ ದಿನವೇ ಮೇಲಿಂದ ಇಳಿಯೋ ಪೈಪಿಗೆ ಅಷ್ಟು ನೀರು ಇಳಿಸೋಕೆ ಆಗದೆ ಟ್ಯಾಂಕ್ ತುಂಬಿ ಚೆಲ್ಲೋ ಹಾಗಾಯ್ತು. ಅದಕ್ಕೂ ನಮ್ಮ ಹತ್ರ ಇಂಜಿನಿಯರಿಂಗ್ ಸಲ್ಯೂಷನ್ ರೆಡಿ ಇತ್ತು. ಪೈಪಿಗೆ ಒಂದು ಬಾಲ್ ವಾಲ್ವ್ ಹಾಕಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆವು. ನೀರು ಕಮ್ಮಿ ಆಯ್ತು, ಎಲ್ಲ ಸರಿಹೋಯ್ತು ಅಂತ ಫೋಟೋ ತೆಗೆದು ಸ್ಟೇಟಸ್ ಹಾಕಿದೆವು. ಅದು ಜನವರಿ.

ಮಾರ್ಚ್ ಕೊನೆಗೆ ದಾವಣಗೆರೆ ಬಿಸಿಲು ಹೇಗಿರುತ್ತೆ ಅಂತ ಇಲ್ಲಿ ಓದೋರಿಗೆ ಹೇಳಬೇಕಿಲ್ಲ. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆಗೆದು ಮುಚ್ಚೋಕೆ ಶುರು ಮಾಡಿದವು. ಹಸಿವು ಅಂದುಕೊಂಡ ಕೆಲವರು ಬಿಸ್ಕೆಟ್ ಪುಡಿ ಹಾಕಿದ್ದೂ ಉಂಟು. ಅಟೆಂಡರ್ ಅಣ್ಣ ಮಾತ್ರ ನೀರಿಗೆ ಕೈ ಇಟ್ಟು ನೋಡಿ, ಬಿಸಿ ಆಗಿದೆ ಅಂದರು. ದಿನಾ ಕ್ಯಾಂಟೀನ್ ಫ್ರಿಜ್‌ನಲ್ಲಿ ಎರಡು ಲೀಟರ್ ಬಾಟಲಿ ನೀರು ಗಟ್ಟಿ ಮಾಡಿಸಿ ತಂದು ಸಂಪಿನಲ್ಲಿ ತೇಲಿ ಬಿಡ್ತಿದ್ದರು. ಆದರೂ ನಾಲ್ಕು ಮೀನು ಹೋದವು.

ಮೀನು ಸತ್ತ ವಾರ ನಮಗೆ ನಿದ್ದೆ ಬರಲಿಲ್ಲ ಅಂತೇನೂ ಹೇಳಲ್ಲ, ಇಂಟರ್ನಲ್ಸ್ ಇತ್ತು, ಚೆನ್ನಾಗೇ ನಿದ್ದೆ ಬಂತು. ಆದರೆ ಆ ಬೈಗುಳ ಮನಸ್ಸಲ್ಲಿ ಕೂತಿತ್ತು. ಉಳಿದ ಎರಡು ಮೀನನ್ನು ಒಂದು ಟಬ್ಬಿಗೆ ವರ್ಗಾಯಿಸಿ ಸಣ್ಣ ಪ್ರಯೋಗ ಮಾಡಿದೆವು. ತೊಟ್ಟಿಯ ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು, ತೊಟ್ಟಿಗೆ ಇದ್ದ ಹಾಗೆ ಅದಕ್ಕೂ ಒಂದು ಗಾಜು ಮುಚ್ಚಿ, ಲೈಟ್ ಆಫ್ ಮಾಡಿ ಎರಡು ದಿನ ಬಿಟ್ಟೆವು. ಅದೇ ಲಾಬಿ, ಅದೇ ಗಾಳಿ, ಅದೇ ಬೇಸಿಗೆ. ಬಕೆಟ್ಟಿನ ನೀರು 29 ಡಿಗ್ರಿ. ತೊಟ್ಟಿಯ ನೀರು 33. ಬಿಸಿಲನ್ನು ಬೈಯೋ ಹಾಗಿದ್ದರೆ 29ರವರೆಗೆ ಬೈಯಬಹುದಿತ್ತು. ಮೇಲಿನ 4 ಡಿಗ್ರಿ ಎಲ್ಲಿಂದ ಬಂತು?

ಉತ್ತರಕ್ಕೆ ಸುಮಾರು 180 ವರ್ಷ ಆಗಿದೆ. 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ಜೂಲ್ ಅನ್ನೋ ಬಿಯರ್ ಕಾರ್ಖಾನೆ ಮನೆತನದ ಯುವಕ ಒಂದು ಪಾತ್ರೆ ನೀರಿನಲ್ಲಿ ರೆಕ್ಕೆಗಳಿರೋ ಚಕ್ರ ಇಟ್ಟ. ಕೆಳಗಿಳಿಯೋ ತೂಕದ ಕಲ್ಲಿನಿಂದ ಅದನ್ನು ತಿರುಗಿಸಿದ. ಬೆಂಕಿ ಇಲ್ಲ, ಕರೆಂಟ್ ಇಲ್ಲ, ಬರೀ ಕಲಕಿದ್ದಕ್ಕೇ ನೀರು ಬೆಚ್ಚಗಾಯ್ತು. ಎಷ್ಟು ಕೆಲಸಕ್ಕೆ ಎಷ್ಟು ಬಿಸಿ ಅಂತ ಅಳೆದ. ಅವನ ಹೆಸರನ್ನೇ ನಾವು ಪ್ರತಿ ಪ್ರಾಬ್ಲಂನ ಕೊನೆಗೆ ಯೂನಿಟ್ ಅಂತ ಬರೆದು ಅಂಡರ್‌ಲೈನ್ ಮಾಡೋದು. ನಮ್ಮ ಪಂಪ್ ಜೂಲ್‌ನ ಅದೇ ಚಕ್ರ, ಕರೆಂಟಿನಲ್ಲಿ ತಿರುಗ್ತಿದೆ ಅಷ್ಟೇ. ನೀರಿನೊಳಗೆ ಮುಳುಗಿರೋ ಪಂಪಿನ ಕಾಯಿಲ್ ಬಿಸಿಯಾದರೆ ಆ ಬಿಸಿ ಸೀದಾ ನೀರಿಗೆ. ನೀರನ್ನು ಮೇಲೆತ್ತಿದ ಶಕ್ತಿಯೂ ನೀರು ಪೈಪಿಗೆ ಉಜ್ಜಿ, ಟ್ಯಾಂಕಿನಲ್ಲಿ ಸುಳಿ ಎಬ್ಬಿಸಿ, ಕೆಳಗೆ ಬಿದ್ದು, ಕೊನೆಗೆ ಬಿಸಿಯಾಗಿಯೇ ಅದೇ ನೀರಿನಲ್ಲಿ ಉಳಿಯುತ್ತೆ. ಒಟ್ಟಿನಲ್ಲಿ ಮುಳುಗಿರೋ 100 ವ್ಯಾಟ್ ಪಂಪ್ ಅಂದರೆ ಹೆಚ್ಚುಕಮ್ಮಿ 100 ವ್ಯಾಟ್ ಹೀಟರ್. ಅಂಗಡಿಯಲ್ಲಿ ಚಳಿಗಾಲಕ್ಕೆ ಅಂತ 100 ವ್ಯಾಟಿನ ಅಕ್ವೇರಿಯಂ ಹೀಟರ್ ನಿಜವಾಗಿಯೂ ಮಾರ್ತಾರೆ. ಏಪ್ರಿಲ್‌ನಲ್ಲಿ ಅದನ್ನು ಯಾರಾದರೂ ತೊಟ್ಟಿಗೆ ಹಾಕಿದ್ದರೆ ಇಡೀ ಕ್ಲಾಸ್ ನಗ್ತಿತ್ತು. ನಾವು ಅದನ್ನೇ ಪಂಪ್ ಅನ್ನೋ ಹೆಸರಲ್ಲಿ ಹಾಕಿದ್ದೆವು, ಯಾರೂ ನಗಲಿಲ್ಲ.

ಲೆಕ್ಕ ಮಾಡೋಣ. 100 ವ್ಯಾಟ್ ಒಂದು ದಿನಕ್ಕೆ 8640 ಕಿಲೋಜೂಲ್. 300 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸೋಕೆ ಸುಮಾರು 1256 ಕಿಲೋಜೂಲ್ ಸಾಕು. ಅಂದರೆ ಬಿಸಿ ಎಲ್ಲೂ ತಪ್ಪಿಸಿಕೊಳ್ಳದೇ ಇದ್ದರೆ ದಿನಕ್ಕೆ ಹತ್ತಿರ ಹತ್ತಿರ 7 ಡಿಗ್ರಿ ಏರಬೇಕು. ನಿಜದಲ್ಲಿ ಹಾಗೆ ಏರ್ತಾ ಹೋಗಲ್ಲ. ನೀರು ಕೋಣೆಗಿಂತ ಬಿಸಿಯಾದಷ್ಟೂ ಗಾಜಿನಿಂದ, ಮೇಲ್ಮೈಯಿಂದ, ಆವಿಯಿಂದ ಬಿಸಿ ಹೊರಗೆ ಹೋಗುತ್ತೆ. ಎಲ್ಲಿ ಒಳಗೆ ಬರೋದೂ ಹೊರಗೆ ಹೋಗೋದೂ ಸಮ ಆಗುತ್ತೋ ಅಲ್ಲಿ ನಿಲ್ಲುತ್ತೆ. ನಮ್ಮ ತೊಟ್ಟಿಗೆ ಅದು 4 ಡಿಗ್ರಿ ಮೇಲೆ ನಿಂತಿತ್ತು.

ಇನ್ನೊಂದು ಲೆಕ್ಕ ನಮಗೆ ಜಾಸ್ತಿ ನೋವು ಕೊಟ್ಟಿತು. ಒಂದು ಕಿಲೋ ಐಸ್ ಕರಗಿ 28 ಡಿಗ್ರಿಗೆ ಬರೋವಷ್ಟರಲ್ಲಿ ಸುಮಾರು 450 ಕಿಲೋಜೂಲ್ ಹೀರಿಕೊಳ್ಳುತ್ತೆ. ನಮ್ಮ ಪಂಪಿನ ಒಂದು ದಿನದ ಬಿಸಿ ತೆಗೆಯೋಕೆ 19 ಕಿಲೋ ಐಸ್ ಬೇಕು. ಅಟೆಂಡರ್ ಅಣ್ಣ ತರ್ತಿದ್ದ ಎರಡು ಬಾಟಲಿಯನ್ನು ಪಂಪ್ ಎರಡೂವರೆ ಗಂಟೆಯಲ್ಲಿ ಮುಗಿಸಿಬಿಡ್ತಿತ್ತು. ಉಳಿದ ಇಪ್ಪತ್ತೊಂದೂವರೆ ಗಂಟೆ ಅವರ ಕೆಲಸದ ವಿರುದ್ಧ ನಮ್ಮ ಪಂಪ್ ಓಡ್ತಿತ್ತು.

ಮೀನಿಗೆ ನಾಲ್ಕು ಡಿಗ್ರಿ ದೊಡ್ಡ ವಿಷಯವಾ ಅಂತ ಕೇಳಬಹುದು. ಗೋಲ್ಡ್ ಫಿಶ್ ತಂಪು ನೀರಿನ ಜಾತಿ, 18ರಿಂದ 24 ಡಿಗ್ರಿ ಅದಕ್ಕೆ ಹಿತ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಆಕ್ಸಿಜನ್ ಕಮ್ಮಿ. 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 8.3 ಮಿಲಿಗ್ರಾಂ ಇರಬಹುದು, 30ಕ್ಕೆ ಹೋದರೆ 7.6 ಅಷ್ಟೇ. ಅದೇ ಹೊತ್ತಿಗೆ ಮೀನಿನ ಮೈಯಲ್ಲಿ ಎಲ್ಲ ಕೆಲಸವೂ ಜೋರಾಗಿ ನಡೆದು ಅದಕ್ಕೆ ಆಕ್ಸಿಜನ್ ಜಾಸ್ತಿ ಬೇಕಾಗುತ್ತೆ. ಖರ್ಚು ಏರ್ತಿದೆ, ಸಂಬಳ ಇಳೀತಿದೆ. ಬಾಯಿ ತೆರೆದು ಮೇಲೆ ಬರ್ತಿದ್ದದ್ದು ಹಸಿವಿಗಲ್ಲ, ಉಸಿರಿಗೆ. ಬಿಸಿಯೊಂದೇ ಕೊಂದಿತು ಅಂತ ನಾವು ಹೇಳೋಕೆ ಹೋಗಲ್ಲ, ಬಿಸ್ಕೆಟ್ ಪುಡಿಯೂ ತನ್ನ ಪಾಲು ಮಾಡಿರಬಹುದು. ಆದರೆ ತಿಂಡಿ ಜಾಸ್ತಿ ಆಯ್ತು ಅಂತ ಒಬ್ಬರನ್ನೇ ಬೈದು ಮುಗಿಸೋ ವಿಷಯ ಇದಾಗಿರಲಿಲ್ಲ.

ಹಾಗಾದರೆ ಎಷ್ಟು ದೊಡ್ಡ ಪಂಪ್ ಬೇಕಿತ್ತು? ಸಂಪ್ ಇರೋ ತೊಟ್ಟಿಗೆ ಗಂಟೆಗೆ ಟ್ಯಾಂಕಿನ ಮೂರರಿಂದ ಐದು ಪಟ್ಟು ನೀರು ತಿರುಗಿದರೆ ಸಾಮಾನ್ಯವಾಗಿ ಸಾಕು. ನಮಗೆ 1500 ಲೀಟರ್ ಅಂತ ಹಿಡಿಯಿರಿ. ಸಂಪಿನ ನೀರಿನಿಂದ ಟ್ಯಾಂಕಿನ ಅಂಚಿನವರೆಗೆ ಟೇಪ್ ಹಿಡಿದು ಅಳೆದೆವು, ಪೈಪಿನ ಘರ್ಷಣೆ, ಬೆಂಡುಗಳನ್ನೂ ಸೇರಿಸಿ 1.8 ಮೀಟರ್ ಹೆಡ್ ಅಂತ ಹಾಕಿಕೊಂಡೆವು. ಸಾಂದ್ರತೆ, ಗುರುತ್ವ, ಫ್ಲೋ, ಹೆಡ್ ಎಲ್ಲ ಗುಣಿಸಿದರೆ ನೀರಿಗೆ ನಿಜವಾಗಿ ಬೇಕಾದ ಪವರ್ ಬರೀ 7 ವ್ಯಾಟ್ ಚಿಲ್ಲರೆ. ನಾವು ಮೂರು ಸಲ ಲೆಕ್ಕ ಮಾಡಿದೆವು, ಪಾಯಿಂಟ್ ತಪ್ಪು ಜಾಗದಲ್ಲಿ ಇಟ್ಟಿದ್ದೀವಾ ಅಂತ. ಇಲ್ಲ, ಏಳೇ. ಚಿಕ್ಕ ಪಂಪುಗಳ ಎಫಿಷಿಯೆನ್ಸಿ ಚೆನ್ನಾಗಿರಲ್ಲ, ಆದರೂ ಈ ಕೆಲಸ 20ರಿಂದ 25 ವ್ಯಾಟ್‌ನಲ್ಲಿ ಮುಗಿಸೋ ಡಿಸಿ ಪಂಪುಗಳು ಸಿಗ್ತವೆ. ನಾವು ಏಳು ವ್ಯಾಟಿನ ಕೆಲಸಕ್ಕೆ ನೂರು ವ್ಯಾಟ್ ತಂದು, ಮಿಕ್ಕಿದ್ದನ್ನು ವಾಲ್ವ್ ಮುಚ್ಚಿ ಒದ್ದಾಡಿಸ್ತಿದ್ದೆವು. ವಾಲ್ವ್ ಮುಚ್ಚಿದರೆ ನೀರು ಕಮ್ಮಿ ಆಗುತ್ತೆ. ವ್ಯಾಟ್ ಸ್ವಲ್ಪ ಇಳಿಯಬಹುದು, ಆದರೆ ಅದೇ ಪ್ರಮಾಣದಲ್ಲಿ ಇಳಿಯಲ್ಲ. ಉಳಿದ ಶಕ್ತಿ ವಾಲ್ವ್ ಹತ್ತಿರವೇ ಬಿಸಿಯಾಗುತ್ತೆ.

ಬಾಕ್ಸ್ ಮೇಲಿನ ನಂಬರುಗಳ ಬಗ್ಗೆ ಒಂದು ಮಾತು. 5000 ಎಲ್‌ಪಿಎಚ್, 4 ಮೀಟರ್ ಅಂತ ಇದ್ದರೆ ಎರಡೂ ಒಟ್ಟಿಗೆ ಸಿಗಲ್ಲ. ಮೇಲೆತ್ತೋ ಕೆಲಸವೇ ಇಲ್ಲದಾಗ 5000. ನಾಲ್ಕು ಮೀಟರಿಗೆ ಹೋದರೆ ಹರಿವು ಸೊನ್ನೆ. ನಮಗೆ ಬೇಕಾದ್ದು ನಡುವಿನ ಕರ್ವ್. ನಮ್ಮ ಹೆಡ್ಡಿನಲ್ಲಿ ಎಷ್ಟು ಲೀಟರ್ ಕೊಡುತ್ತೆ ಅಂತ ಆ ಕರ್ವ್‌ನಲ್ಲಿ ನೋಡಿ, ಸಾಕಾಗುವ ಪಂಪುಗಳಲ್ಲಿ ಅತಿ ಕಮ್ಮಿ ವ್ಯಾಟಿನದನ್ನು ಆರಿಸಬೇಕು. ಪೈಪ್ ಮೇಲೂ ಜಿಪುಣತನ ಬೇಡ. ಮುಕ್ಕಾಲು ಇಂಚಿನ ಬದಲು ಒಂದಿಂಚು ಹಾಕಿದರೆ ಅದೇ ಹರಿವಿಗೆ ಘರ್ಷಣೆಯ ನಷ್ಟ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ, ಯಾಕಂದರೆ ಅದು ವ್ಯಾಸದ ಐದನೇ ಘಾತದ ಲೆಕ್ಕ. ಒಂದು ಪೈಪಿನ ದುಡ್ಡಲ್ಲಿ ಪಂಪನ್ನೇ ಒಂದು ಸೈಜ್ ಚಿಕ್ಕದು ಮಾಡಬಹುದು. ಹರಿವು ಇಳಿಸಬೇಕು ಅಂದರೆ ವಾಲ್ವ್ ಬಿಟ್ಟು ವೇಗ ಇಳಿಸಬೇಕು. ವೇಗ ಅರ್ಧವಾದರೆ ಪವರ್ ಎಂಟನೇ ಒಂದು ಭಾಗ ಅಂತ ಅಫಿನಿಟಿ ಲಾ ಹೇಳುತ್ತೆ. ನೀರು ಮೇಲೆತ್ತೋ ಕಡೆ ಅಷ್ಟು ಸರಿಯಾಗಿ ಬರಲ್ಲ, ವೇಗ ತೀರಾ ಇಳಿಸಿದರೆ ನೀರು ಹತ್ತೋದೇ ಇಲ್ಲ. ಆದರೂ ಸ್ಪೀಡ್ ಕಂಟ್ರೋಲರ್ ಇರೋ ಡಿಸಿ ಪಂಪಿನಲ್ಲಿ ಉಳಿತಾಯ ಕಣ್ಣಿಗೆ ಕಾಣೋಷ್ಟು ಇದೆ. ಕರೆಂಟ್ ಹೋದಾಗ ಅದನ್ನು ಬ್ಯಾಟರಿಯಲ್ಲಿ ಓಡಿಸೋದೂ ಸುಲಭ. ಬೇಸಿಗೆಯಲ್ಲಿ ಇದೇನು ಸಣ್ಣ ಲಾಭವಲ್ಲ.

ಮೇ ತಿಂಗಳಲ್ಲಿ 25 ವ್ಯಾಟಿನದಕ್ಕೆ ಬದಲಾಯಿಸಿದೆವು, ಈ ಸಲ ನಮ್ಮ ಜೇಬಿನಿಂದ. ನಾಲ್ಕು ದಿನದಲ್ಲಿ ನೀರು 30ಕ್ಕೆ ಬಂತು. ಆಮೇಲೆ ಗಾಜಿನ ಮುಚ್ಚಳ ತೆಗೆದು, ಮೀನು ಹಾರದ ಹಾಗೆ ಬಲೆ ಕಟ್ಟಿ, ನೀರಿನ ಮೇಲ್ಮೈಗೆ ಗಾಳಿ ಬೀಸೋ ಹಾಗೆ ಒಂದು ಚಿಕ್ಕ ಫ್ಯಾನ್ ಇಟ್ಟೆವು. 27.5. ಅಜ್ಜಿ ಮನೆಯ ಮಡಿಕೆ ನೀರು ತಣ್ಣಗಾಗೋದೂ ಇದೇ ರೀತಿ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2430 ಕಿಲೋಜೂಲ್ ತಗೊಂಡು ಹೋಗುತ್ತೆ. ಹಳೇ ಪಂಪ್ ಇದ್ದಿದ್ದರೆ ಅದರ ಬಿಸಿ ಕಳೆಯೋಕೇ ದಿನಕ್ಕೆ ಮೂರೂವರೆ ಲೀಟರ್ ಆವಿಯಾಗಬೇಕಿತ್ತು, ಹೊಸದಕ್ಕೆ ಒಂದು ಲೀಟರೂ ಬೇಡ. ಆವಿಯಾದಷ್ಟು ನೀರು ದಿನಾ ತುಂಬಬೇಕು, ಅದೊಂದು ಕೆಲಸ ಉಂಟು. ಫ್ಯಾನಿನ ವೈರ್ ಪ್ಲಗ್ಗಿಗಿಂತ ಕೆಳಗೆ ಬಾಗಿ ಆಮೇಲೆ ಮೇಲೇರಿ ಪ್ಲಗ್ಗಿಗೆ ಹೋಗೋ ಹಾಗಿರಬೇಕು, ಲೈನಿಗೆ ಇಎಲ್‌ಸಿಬಿ ಇರಬೇಕು. ಮೀನು ಉಳಿಸೋಕೆ ಹೋಗಿ ಮನುಷ್ಯರು ಶಾಕ್ ಹೊಡೆಸಿಕೊಳ್ಳಬಾರದು.

ನಮ್ಮ ಮಾತಿಗೆ ಎದುರು ಮಾತೂ ಇದೆ. ದೊಡ್ಡ ಪಂಪ್ ಇದ್ದರೆ ನೀರು ಚೆನ್ನಾಗಿ ಕಲಕಿ ಆಕ್ಸಿಜನ್ ಸಿಗುತ್ತೆ ಅಂತ ಸೀನಿಯರ್ ಒಬ್ಬರು ಹೇಳಿದರು. ಕಲಕಬೇಕಾದ್ದು ಮೇಲ್ಮೈ. ಅದಕ್ಕೆ ಪೈಪಿನ ಬಾಯಿಯನ್ನು ಮೇಲ್ಮೈ ಕಡೆ ತಿರುಗಿಸಿದರೆ ಆಯ್ತು, ಇಲ್ಲವೇ ಕೆಲವೇ ವ್ಯಾಟಿನ ಏರ್ ಪಂಪ್ ಸಾಕು. ಮೋಟರ್ ಹೊರಗಿರೋ ಪಂಪ್ ತಂದರೆ ಅನ್ನೋರಿಗೆ, ಅದು ಒಳ್ಳೇದೇ. ಮೋಟರಿನ ಬಿಸಿಯಲ್ಲಿ ಒಂದಷ್ಟು ಗಾಳಿಗೆ ಹೋಗುತ್ತೆ. ಆದರೆ ನೀರನ್ನು ತಳ್ಳಿದ ಶಕ್ತಿ ಹೇಗಿದ್ದರೂ ನೀರಿಗೇ ಬರುತ್ತೆ, ಸದ್ದೂ ಜಾಸ್ತಿ. ಚಿಲ್ಲರ್ ಬೇಡವೇ ಬೇಡ ಅಂತಲೂ ನಾವು ಹೇಳ್ತಿಲ್ಲ. ಮಂಗಳೂರಿನಂಥ ಕಡೆ ಗಾಳಿಯಲ್ಲೇ ತೇವ ತುಂಬಿರೋವಾಗ ಫ್ಯಾನ್ ನಮ್ಮ ಬಯಲುಸೀಮೆಯಲ್ಲಿ ಮಾಡೋಷ್ಟು ಕೆಲಸ ಮಾಡಲ್ಲ. ಹವಳ ಸಾಕೋರಿಗೆ ಚಿಲ್ಲರ್ ಬೇಕಾಗಬಹುದು. ಆದರೆ ಚಿಲ್ಲರ್ ಅಂದರೆ ಒಂದು ಫ್ರಿಜ್. ನೀರಿನ ಬಿಸಿ ತೆಗೆದು, ತನ್ನ ಬಿಸಿಯನ್ನೂ ಸೇರಿಸಿ ಅದೇ ಲಾಬಿಗೆ ಊದುತ್ತೆ. ಮೊದಲು ನೂರು ವ್ಯಾಟ್ ಒಳಗೆ ಸುರಿದು, ಅದನ್ನು ಹೊರಗೆ ಬಳಿಯೋಕೆ ಇನ್ನೊಂದು ಮಷೀನ್ ತರೋದು ಯಾವ ಜಾಣತನ?

ಕರೆಂಟ್ ಲೆಕ್ಕವೂ ಇದೆ. 100 ವ್ಯಾಟ್ ತಿಂಗಳಿಗೆ 72 ಯೂನಿಟ್, 25 ವ್ಯಾಟ್ 18 ಯೂನಿಟ್. ಮನೇಲಿ ತೊಟ್ಟಿ ಇಟ್ಟಿರೋ ಗೆಳೆಯ ಒಬ್ಬ, ನಮಗೆ ಗೃಹಜ್ಯೋತಿ ಇದೆ, ಬಿಲ್ಲೇ ಬರಲ್ಲ ಬಿಡ್ರೋ ಅಂದ. ಬಿಲ್ ಮನ್ನಾ ಆಗಬಹುದು ಮಾರಾಯ, ಬಿಸಿ ಮನ್ನಾ ಆಗಲ್ಲ. ಅದನ್ನು ಕಟ್ಟೋದು ನಿನ್ನ ಮೀನು.

ಪಂಪ್ ಬದಲಾಯಿಸಿದ ದಿನ ಅಟೆಂಡರ್ ಅಣ್ಣನಿಗೆ ಎಲ್ಲ ಹೇಳಬೇಕಿತ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಥರ್ಮೋಡೈನಮಿಕ್ಸ್ ಮೊದಲ ನಿಯಮ ಇಂಗ್ಲಿಷಿನಲ್ಲಿ ಬಾಯಿಪಾಠ. ಕನ್ನಡದಲ್ಲಿ ಹೇಳೋಕೆ ಹೋದಾಗ ಮೊದಲು ತಡವರಿಸಿದೆವು. ಆಮೇಲೆ, "ಅಣ್ಣ, ಈ ಮೋಟರ್ ಎಷ್ಟು ಕರೆಂಟ್ ತಗೊಳ್ಳುತ್ತೋ ಅಷ್ಟೂ ಕೊನೆಗೆ ನೀರಲ್ಲಿ ಬಿಸಿಯಾಗಿ ಉಳಿಯುತ್ತೆ. ದೊಡ್ಡ ಮೋಟರ್ ತಂದಿದ್ದು ನಾವು. ತಪ್ಪು ನಮ್ಮದು" ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಾ ಹಾಕಿದ್ ಐಸೆಲ್ಲ ನಿಮ್ ಮೋಟ್ರೇ ತಿಂತಿತ್ತು ಅನ್ರಿ" ಅಂದರು. ಸೆಮಿಸ್ಟರ್ ಪೂರ್ತಿ ಓದಿದ್ದು ಆ ಒಂದು ವಾಕ್ಯದಲ್ಲಿ ನಮಗೆ ಅರ್ಥ ಆಯ್ತು. ಎಚ್‌ಓಡಿ ಸರ್ ಹತ್ತಿರವೂ ಹೋಗಿ ಇದನ್ನೇ ಹೇಳಿದೆವು. ಅಣ್ಣನನ್ನು ಕರೆಸಿ ಮಾತಾಡಿದರು ಅಂತ ಆಮೇಲೆ ಗೊತ್ತಾಯ್ತು. ಏನು ಮಾತಾಡಿದರು ಅಂತ ನಾವು ಕೇಳೋಕೆ ಹೋಗಲಿಲ್ಲ.

ಅದಕ್ಕೇ ಹೊಸ ತೊಟ್ಟಿಗಳ ಪಟ್ಟಿ ಮಾಡ್ತಿರೋರಲ್ಲಿ, ಹಾಸ್ಟೆಲ್ ರೂಮಿನಲ್ಲಿ, ಪಿಜಿಯಲ್ಲಿ ಮೀನು ಸಾಕ್ತಿರೋ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ಪಟ್ಟಿಯಲ್ಲಿ ಎಲ್‌ಪಿಎಚ್ ಪಕ್ಕ ವ್ಯಾಟ್ ಅಂತ ಇನ್ನೊಂದು ಕಾಲಂ ಹಾಕಿ. ಚಿಲ್ಲರ್ ಸಾಲನ್ನು ಸದ್ಯಕ್ಕೆ ಖಾಲಿ ಬಿಡಿ. ಮೊದಲು ಸರಿಯಾದ ಪಂಪ್, ಅಗಲದ ಪೈಪ್, ಒಂದು ಫ್ಯಾನ್, ಒಂದು ಥರ್ಮಾಮೀಟರ್ ಹಾಕಿ ಹದಿನೈದು ದಿನ ನೋಡಿ. ಪಕ್ಕದಲ್ಲಿ ಒಂದು ಬಕೆಟ್ ನೀರಿಡೋದು ಮರೀಬೇಡಿ. ಆಗಲೂ ನೀರು ಬಿಸಿ ಅನ್ನಿಸಿದರೆ ಚಿಲ್ಲರ್ ತರಿಸಿ, ನಾವೇ ಹೊತ್ತುಕೊಂಡು ಬಂದು ಇಳಿಸಿಕೊಡ್ತೀವಿ. ಪಂಪಿನ ಲೇಬಲ್ ಫೋಟೋ, ಟೇಪಿನಲ್ಲಿ ಅಳೆದ ಎತ್ತರ ಎರಡನ್ನೂ ತಂದರೆ ಲೆಕ್ಕ ಹಾಕಿಕೊಡೋಕೂ ರೆಡಿ. ಮಧ್ಯಾಹ್ನ ಊಟದ ಹೊತ್ತಿಗೆ ಲಾಬಿಯ ತೊಟ್ಟಿ ಹತ್ತಿರ ಸಿಗ್ತೀವಿ. ಉಳಿದ ಎರಡು ಮೀನು ಈಗ ದಪ್ಪ ಆಗಿವೆ. ತಿಂಡಿ ಹಾಕೋದು ಮಾತ್ರ ಅಣ್ಣನೇ, ನಮ್ಮ ಕೈಗೆ ಡಬ್ಬಿ ಕೊಡಲ್ಲ.